ಸೇನಾಪತಿಯ ಮೆಳ್ಳೆಗಣ್ಣು

ಇಂಗ್ಲೆಂಡಿನಲ್ಲಿದ್ದಾಗ ಅಂಟಿದ ಚಟ ಇದು. ಅಲ್ಲಿ 1983ರಲ್ಲಿ ಹುಟ್ಟಿದ ವಾರ್‌ಹ್ಯಾಮರ್ ಎಂಬ ಯುದ್ಧದಾಟದ ಹಳೆಯ ಸೀಸದ ಗೊಂಬೆಗಳಿಗೆ ಬಣ್ಣ ಬಳಿಯುವುದು. ಗೊಂಬೆಯ ಎತ್ತರ ಸುಮಾರು 28 ಮಿ.ಮೀ.; ಕಣ್ಣು ಸಾಸಿವೆಯ ಕಾಲು ಭಾಗ. ಅದಕ್ಕೊಂದು ಕರಿ ಚುಕ್ಕೆ ಇಡಲು ಉಸಿರು ಬಿಗಿಹಿಡಿದದ್ದೇ ತಡ, ಕುಕ್ಕರ್ ಕೂಗಿತು. ಯುದ್ಧಕ್ಕೆ ಹೊರಟಿದ್ದ, ಆರ್ಕ್ ಎಂಬ ರಾಕ್ಷಸ ಕುಲದ ಸೇನಾಪತಿಗೆ ಮೆಳ್ಳೆಗಣ್ಣು! ಒರೆಸಿ ಮತ್ತೆ ಇಟ್ಟೆ. ಈ ಸಲ ಸೀನು. ಕಾಡಿಗೆ ಹಚ್ಚಿಕೊಂಡ ಮದುಮಗಳು ಅತ್ತಂತಾಯಿತು. ಗಾಬರಿಯಲ್ಲಿ ಕಾಫಿ ಎಂದು ಕುಂಚ ಅದ್ದಿದ ನೀರನ್ನೇ ಒಂದು ಗುಟುಕು ಕುಡಿದೆ. (ನಾನೇ ಮಾಡಿದ ಕಾಫಿಯಾದ್ದರಿಂದ ರುಚಿಯಲ್ಲಿ ವ್ಯತ್ಯಾಸ ತಿಳಿಯಲಿಲ್ಲ.)

"ರೀ, ಗೇಟಿಗೆ ಬಣ್ಣ ಹೊಡೀರಿ ಅಂದು ಎರಡು ವರ್ಷವಾಯ್ತು," ಎಂದಳು ಹೆಂಡತಿ. ಗೇಟಿಗೆ ಕಣ್ಣಿಲ್ಲವಲ್ಲ, ಏನು ಸ್ವಾರಸ್ಯ? ಸೇನಾಪತಿಯನ್ನು ಕಿಟಕಿಯಲ್ಲಿ ಒಣಗಲು ಇಟ್ಟಿದ್ದೇನೆ. ಒಂದು ಕಣ್ಣು ನನ್ನ ಮೇಲಿದೆ, ಇನ್ನೊಂದು ಗೇಟಿನ ಮೇಲೆ.