ಆಳಿದ್ದಾರೆ ಸಾರ್

ಬೆಳಗಿನ ಜಾವ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಟ ರೈಲು ಬಂಗಾರಪೇಟೆಗೆ ಬಂದು ನಿಂತಾಗ ಕಿಟಕಿಯಲ್ಲಿ ಇಣುಕಿದರೆ ಅರ್ಧ ಬೋಗಿ ಖಾಲಿ ಕಾಣುತ್ತದೆ. ಹೊಸಬರು ಇದನ್ನು ನೋಡಿ ಹಿಗ್ಗುತ್ತಾರೆ. ನಮ್ಮಂಥ ಹಳಬರು ಹಿಗ್ಗುವುದಿಲ್ಲ. ಒಳಗೆ ಹೋದ ಮೇಲೆ ಗೊತ್ತಾಗುತ್ತದೆ, ಒಂದೊಂದು ಸೀಟಿನ ಮೇಲೂ ಏನೋ ಒಂದು ಕೂತಿದೆ: ಟವೆಲ್, ಊಟದ ಬ್ಯಾಗು, ಅರ್ಧ ಕುಡಿದ ನೀರಿನ ಬಾಟಲಿ, ಮಡಿಸಿದ ಪೇಪರು, ಎಡಗಾಲಿನ ಒಂಟಿ ಚಪ್ಪಲಿ. ಮನುಷ್ಯರು ಮಾತ್ರ ಇಲ್ಲ. ಇಷ್ಟೆಲ್ಲ ಸಾಮಾನಿಗೆ ಒಬ್ಬನೇ ಕಾವಲುಗಾರ ಬಾಗಿಲ ಬಳಿ ನಿಂತಿರುತ್ತಾನೆ. ನೀವು ಬಾಟಲಿಯ ಕಡೆಗೆ ಕೈ ಚಾಚುತ್ತಿದ್ದಂತೆ ಅವನ ದನಿ ಕೇಳಿಸುತ್ತದೆ: "ಆಳಿದ್ದಾರೆ ಸಾರ್."

ಸೀಟು ಹಿಡಿಯುವವರು ನಾಡಿನಲ್ಲೆಲ್ಲ ಇದ್ದಾರೆ. ಮದುವೆಯ ಎರಡನೇ ಪಂಕ್ತಿಗೆ ಮೊದಲ ಪಂಕ್ತಿಯವರ ಬೆನ್ನ ಹಿಂದೆ ನಿಂತು ಅವರ ಮಜ್ಜಿಗೆಯನ್ನೇ ದಿಟ್ಟಿಸುವವರು, ಕೆಎಸ್ಸಾರ್ಟಿಸಿ ಬಸ್ಸಿನ ಕಿಟಕಿಯಿಂದ ಮಗುವನ್ನೇ ಒಳಕ್ಕೆ ತೂರಿಸುವವರು, ಎಲ್ಲರೂ ಇದೇ ಬಳಗ. ಆದರೆ ಈ ವಿದ್ಯೆ ಪೂರ್ತಿ ಪಕ್ವವಾಗಿರುವುದು ಕೆಜಿಎಫ್‌ನ ಕವಲು ಲೈನಿನಲ್ಲಿ ಎಂಬುದು ನನ್ನ ನಂಬಿಕೆ. ಇದಕ್ಕೆ ಕಾರಣ ಭೂಗೋಳ. ಚಿನ್ನದ ಗಣಿಗಾಗಿ 1894ರಲ್ಲಿ ಹಾಕಿದ ಈ ಕವಲು ಬರೀ ಹದಿನಾರು ಕಿಲೋಮೀಟರು. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್, ಬೆಮೆಲ್ ನಗರ, ಆಮೇಲೆ ಬಂಗಾರಪೇಟೆ. ರೈಲು ಹೊರಡುವುದು ಮಾರಿಕುಪ್ಪಂನಿಂದ, ಜನ ತುಂಬುವುದು ಬಂಗಾರಪೇಟೆಯಲ್ಲಿ. ಈ ಎರಡರ ನಡುವೆ ಸಿಗುವ ಅರ್ಧ ಗಂಟೆಯಲ್ಲೇ ಒಂದು ಸಾಮ್ರಾಜ್ಯ ಕಟ್ಟಬೇಕು.

ನನ್ನ ಪಾಲಿಗೆ ಬಂದ ಸಾಮ್ರಾಟನನ್ನು ಬೋಗಿಯವರೆಲ್ಲ ಟವೆಲಣ್ಣ ಎನ್ನುತ್ತಾರೆ. ಐವತ್ತು ದಾಟಿದ ಸಣಕಲು ಆಸಾಮಿ. ಹೆಗಲ ಮೇಲೆ ಒಂದು ಟವೆಲು, ಕೈಚೀಲದಲ್ಲಿ ಇನ್ನೂ ನಾಲ್ಕಾರು. ವೈಟ್‌ಫೀಲ್ಡ್ ಕಡೆಯ ಒಂದು ಕಾರ್ಖಾನೆಯಲ್ಲಿ ಕೆಲಸ. ಮನೆ ಇರುವುದು ಕೋರಮಂಡಲ್ ಸ್ಟೇಷನ್ನಿನ ಹತ್ತಿರ. ಆದರೆ ಆತ ಕೋರಮಂಡಲ್‌ನಲ್ಲಿ ಹತ್ತಿದ್ದನ್ನು ಯಾರೂ ಕಂಡಿಲ್ಲ. ಬೆಂಗಳೂರಿನ ರೈಲು ಅಲ್ಲಿಂದ ಉತ್ತರಕ್ಕೆ ಹೊರಟರೆ ಇವರು ಕತ್ತಲಲ್ಲೇ ಎದ್ದು ಯಾರದೋ ಗಾಡಿಯ ಹಿಂದೆ ಕೂತು ದಕ್ಷಿಣಕ್ಕೆ ಮಾರಿಕುಪ್ಪಂಗೆ ಹೋಗುತ್ತಾರೆ, ಅಲ್ಲಿ ಖಾಲಿ ಬೋಗಿ ಹತ್ತಿ, ಟವೆಲು ಹಾಸಿ, ತಮ್ಮ ಮನೆಯ ಮುಂದಿನಿಂದಲೇ ವಾಪಸು ಬರುತ್ತಾರೆ. ಸಂಜೆಯೂ ಹಾಗೆಯೇ. ಮನೆಗೆ ಹೋಗಲು ಹತ್ತಿರದ ಸ್ಟೇಷನ್ನಿನಲ್ಲಿ ಹತ್ತುವುದು ಬಿಟ್ಟು ಉಲ್ಟಾ ಮೆಜೆಸ್ಟಿಕ್‌ವರೆಗೆ ಹೋಗುತ್ತಾರೆ. ದಿನಕ್ಕೆರಡು ಸಲ ಹಿಂದಕ್ಕೆ ಹೋಗಿ ಮುಂದಕ್ಕೆ ಬರುವ ಈ ಮನುಷ್ಯನಿಗೆ ಆಯಾಸವೇ ಆಗುವುದಿಲ್ಲವೇ ಎಂದು ನಾನು ಯೋಚಿಸಿದ್ದುಂಟು. ನಿಂತುಕೊಂಡೇ ಯೋಚಿಸಿದ್ದು, ಅನ್ನಿ.

ಟವೆಲಣ್ಣನ ಶಾಸ್ತ್ರದಲ್ಲಿ ವಸ್ತುಗಳಿಗೆ ಅಂತಸ್ತುಂಟು. ಟವೆಲು ಗಟ್ಟಿ ಹಕ್ಕು. ಊಟದ ಬ್ಯಾಗು ಅದಕ್ಕಿಂತ ಗಟ್ಟಿ, ಏಕೆಂದರೆ ಅದನ್ನು ಸರಿಸಿದವನ ಮೇಲೆ ಸಾರು ಚೆಲ್ಲಿದ ಆಪಾದನೆ ಹೊರಿಸಬಹುದು. ಪೇಪರು ದುರ್ಬಲ, ಓದಲೆಂದು ಯಾರಾದರೂ ಎತ್ತಿಕೊಂಡರೆ ಸೀಟೂ ಅದರ ಜೊತೆಗೇ ಹೋಯಿತು. ಕರ್ಚೀಫು ಕಲಿಯುವವರಿಗೆ. ನಾನೂ ಒಮ್ಮೆ ಪ್ಲಾಟ್‌ಫಾರ್ಮಿನಿಂದಲೇ ಕಿಟಕಿಯೊಳಗೆ ಕರ್ಚೀಫು ಎಸೆದಿದ್ದೆ. ನೂಕಿಕೊಂಡು ಒಳಗೆ ಹೋಗುವಷ್ಟರಲ್ಲಿ ಒಬ್ಬ ಅಜ್ಜಿ ಅದರಿಂದಲೇ ಸೀಟು ಒರೆಸಿ, ಕೂತು, "ನಿಂದಾ ಮಗಾ? ತಗೋ, ಒಳ್ಳೇದಾಗ್ಲಿ" ಎಂದು ಕೈಗೆ ಕೊಟ್ಟರು.

ಇಷ್ಟೆಲ್ಲ ಬಲ್ಲ ಟವೆಲಣ್ಣ ಅದೊಂದು ದಿನ ಯಾಕೆ ಬಾಳೆಹಣ್ಣಿಟ್ಟರೋ ತಿಳಿಯದು. ಟವೆಲುಗಳೆಲ್ಲ ಒಗೆಯಲು ಹೋಗಿದ್ದವೋ ಏನೋ. ಕಿಟಕಿ ಪಕ್ಕದ ಸೀಟಿನ ನಟ್ಟನಡುವೆ ಒಂದೇ ಒಂದು ಏಲಕ್ಕಿ ಬಾಳೆಹಣ್ಣು ವಿರಾಜಮಾನವಾಗಿತ್ತು. ನಾನು ಅದರ ಮುಂದೆ ನಿಂತೆ.

"ಆಳಿದ್ದಾರೆ ಸಾರ್."

"ಎಲ್ಲಿ ಹತ್ತುತ್ತಾರಣ್ಣಾ?"

"ಟೇಕಲ್‌ನಾಗೆ ಬತ್ತಾರೆ."

ಟೇಕಲ್ ಬಂತು, ಯಾರೂ ಬರಲಿಲ್ಲ. ಕೇಳಿದರೆ, "ಟೇಕಲ್ ಅಂದ್ನಾ? ಮಾಲೂರು ಸಾರ್" ಎಂದರು. ನನ್ನ ಪಕ್ಕದಲ್ಲಿ ಒಬ್ಬ ತಾಯಿ ಮೂರ್ನಾಲ್ಕು ವರ್ಷದ ಮಗನನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು. ಆಸ್ಪತ್ರೆಗೆ ಹೊರಟಿದ್ದವಳು, ಕೈಯಲ್ಲಿ ಎಕ್ಸ್‌ರೇಯ ದೊಡ್ಡ ಕವರು. ಅವಳನ್ನಾದರೂ ಕೂರಿಸಿ ಎಂದೆ. ಟವೆಲಣ್ಣನಿಗೆ ಕರುಣೆ ಇಲ್ಲದೆ ಇರಲಿಲ್ಲ. ಎದುರು ಬೆಂಚಿನಲ್ಲಿ ಕೂತಿದ್ದ ಮೂವರನ್ನು "ಜರುಗ್ರೀ, ಜರುಗ್ರೀ" ಎಂದು ಗದರಿಸಿ ನಾಲ್ಕನೆಯವಳಾಗಿ ಅವಳನ್ನು ತುರುಕಿದರು. ಬಾಳೆಹಣ್ಣು ಮಾತ್ರ ಒಬ್ಬಂಟಿಯಾಗಿ, ಆರಾಮಾಗಿ, ಕಿಟಕಿಯ ಗಾಳಿ ಕುಡಿಯುತ್ತ ಪ್ರಯಾಣ ಮುಂದುವರಿಸಿತು.

ಆಮೇಲೆ ಅವರು ಇನ್ನೊಂದು ಬಾಗಿಲ ಕಡೆ ಏನೋ ಗಲಾಟೆ ಬಿಡಿಸಲು ಹೋದರು. ಹುಡುಗ ತಾಯಿಯ ಮಡಿಲಿನಿಂದ ಜಾರಿ ಇಳಿದ. ಅವನು ಏನು ಮಾಡುತ್ತಿದ್ದಾನೆಂದು ನಮಗೆಲ್ಲ ಕಾಣುತ್ತಿತ್ತು. ಹನ್ನೆರಡು ಜೊತೆ ಕಣ್ಣು ನೋಡುತ್ತಿದ್ದರೂ ಒಂದು ಬಾಯಿಯೂ ತೆರೆಯಲಿಲ್ಲ, ಹುಡುಗನದೊಂದು ಬಿಟ್ಟರೆ. ಹಣ್ಣು ಸಾವಕಾಶವಾಗಿ ಮುಗಿಯಿತು. ಹುಡುಗ ಒಳ್ಳೆಯ ಮನೆತನದವನಿರಬೇಕು, ಸಿಪ್ಪೆಯನ್ನು ಎಲ್ಲಿಂದ ಎತ್ತಿದ್ದನೋ ಅಲ್ಲೇ ಇಟ್ಟ.

ಟವೆಲಣ್ಣ ಬಂದು ನೋಡಿದಾಗ ನಡೆದ ವಿಚಾರಣೆಯನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ. ಹಣ್ಣು ಹೋದ ಮೇಲೆ ಹಕ್ಕೂ ಹೋಯಿತು ಎಂದು ಒಂದು ಪಕ್ಷ. ಸಿಪ್ಪೆ ಸ್ಥಳದಲ್ಲೇ ಇರುವುದರಿಂದ ಹಕ್ಕು ಜಾರಿಯಲ್ಲಿದೆ ಎಂದು ಟವೆಲಣ್ಣ. ತಿಂದವನದೇ ಸೀಟು, ಅನುಭವವೇ ಸ್ವಾಧೀನ ಎಂದು ಕೋಲಾರದ ಕೋರ್ಟಿನಲ್ಲಿ ಟೈಪಿಸ್ಟ್ ಆಗಿ ನಿವೃತ್ತರಾದ ಒಬ್ಬರು. ವಾದ ತೀರುವುದರೊಳಗೆ ಮಾಲೂರು ಬಂತು. ಸೀಟಿನ ಒಡೆಯ ಏದುಸಿರು ಬಿಡುತ್ತ ಬಂದವನೇ ಸಿಪ್ಪೆ ನೋಡಿ, "ಅಣ್ಣಾ, ನನ್ ತಿಂಡಿ ಎಲ್ಲಿ?" ಎಂದ. ಸೀಟಿನ ಮಾತೇ ಎತ್ತಲಿಲ್ಲ. ಅಂದಿನಿಂದ ಟವೆಲಣ್ಣ ತಿನ್ನುವ ಪದಾರ್ಥ ಇಡುವುದನ್ನು ಬಿಟ್ಟಿದ್ದಾರೆ.

ಕಾನೂನು ಏನು ಹೇಳುತ್ತದೆಂದು ನಾನು ಹುಡುಕಿ ನೋಡಿದ್ದೇನೆ. 1989ರ ರೈಲ್ವೆ ಕಾಯಿದೆಯ 155ನೇ ಸೆಕ್ಷನ್ ಪ್ರಕಾರ ರಿಸರ್ವೇಶನ್ ಇಲ್ಲದ ಬೋಗಿಗೆ ಬರುವವರನ್ನು ತಡೆದರೆ ಇನ್ನೂರು ರೂಪಾಯಿವರೆಗೆ ದಂಡ. ಇದನ್ನು ಒಂದು ದಿನ ಬೋಗಿಯಲ್ಲೇ ಗಂಭೀರವಾಗಿ ಘೋಷಿಸಿದೆ. ಟವೆಲಣ್ಣ ನೊಂದವರಂತೆ ನೋಡಿದರು. "ನಾನ್ಯಾರನ್ನ ತಡೆದೆ ಸಾರ್? ಬನ್ನಿ ಒಳಗೆ. ನಿಂತ್ಕೊಳ್ಳಿ."

ಜಾಗ ಹಿಡಿಯುವ ಚಾಳಿ ನಮ್ಮಲ್ಲಿ ಮಾತ್ರವೇ ಅಲ್ಲ. ಇಂಗ್ಲೆಂಡಿನಲ್ಲಿರುವ ನನ್ನ ಅಕ್ಕನ ಮಗ ಒಮ್ಮೆ ಬಾಡಿಗೆಗೆ ಉದ್ದನೆಯ ದೋಣಿ ಹಿಡಿದು ಕಾಲುವೆಗಳಲ್ಲಿ ರಜೆ ಕಳೆದು ಬಂದಿದ್ದ. ಅಲ್ಲಿ ಚಂದದ ಹಳ್ಳಿಗಳ ದಡದಲ್ಲಿ ಬಂದುಹೋಗುವ ದೋಣಿ ಕಟ್ಟಲು ಜಾಗ ಬಿಟ್ಟಿರುತ್ತಾರಂತೆ, ನಲವತ್ತೆಂಟು ಗಂಟೆ ಮಾತ್ರ ಎಂದು ಬೋರ್ಡು ಬೇರೆ. ಇವನು ಹೋದಲ್ಲೆಲ್ಲ ಜಾಗ ಭರ್ತಿ. ಬೋರ್ಡಿನ ಕೆಳಗೇ ವಾರಗಟ್ಟಲೆ ಬೀಡುಬಿಟ್ಟವರು ದೋಣಿಯ ಮೇಲೆ ಹೂವಿನ ಕುಂಡವಿಟ್ಟು ನೀರು ಹಾಕುತ್ತಿದ್ದರಂತೆ. ಟವೆಲಣ್ಣನಿಗೆ ಈ ಕಥೆ ಹೇಳಿದೆ. ಕುಂಡ ಅವರಿಗೆ ಹಿಡಿಸಿತು. "ಕುಂಡ ಒಳ್ಳೇದು ಸಾರ್. ಯಾರೂ ತಿನ್ನಲ್ಲ."

ಇನ್ನು ಅವರ ಮಿಕ್ಕ ಗುಣಗಳು. ಕೆಜಿಎಫ್‌ನ ಎಲ್ಲರಂತೆ ನಾಲ್ಕು ಭಾಷೆ ಸಲೀಸು. ಒಂದೊಂದಕ್ಕೂ ಒಂದೊಂದು ಖಾತೆ: ಸಮಾಧಾನ ಕನ್ನಡದಲ್ಲಿ, ಚೌಕಾಸಿ ತೆಲುಗಿನಲ್ಲಿ, ಜಗಳ ತಮಿಳಿನಲ್ಲಿ, ಕೈಮೀರಿದರೆ ಇಂಗ್ಲಿಷಿನಲ್ಲಿ "ವಾಟ್ ಮ್ಯಾನ್?". ಆಯುಧಪೂಜೆಗೆ ಬೋಗಿಗೆ ಬಾಳೆಕಂದು ಕಟ್ಟಿಸಿ, ಚಂದಾ ಎತ್ತಿ, ಪುರಿ ಹಂಚುತ್ತಾರೆ. ಲೆಕ್ಕ ಕೇಳಿದವರಿಗೆ ಮರುದಿನ ಸೀಟಿಲ್ಲ. ಪಾಸಿನ ಅವಧಿ ಮುಗಿದಿರುವುದನ್ನು ನಮಗಿಂತ ಮೊದಲು ಅವರು ನೆನಪಿಸುತ್ತಾರೆ. ಕೆಜಿಎಫ್ ಸಿನಿಮಾ ಬಂದ ಮೇಲೆ ಗಣಿಯ ಮಣ್ಣಿನ ಸೈನೈಡ್ ಗುಡ್ಡ ನೋಡಲು ಬರುವ ಬೆಂಗಳೂರಿನ ಹುಡುಗರನ್ನು ಕಂಡರೆ ಮಾತ್ರ ಆಗುವುದಿಲ್ಲ. "ಧೂಳು ನೋಡಕ್ಕೆ ಬತ್ತಾರೆ ಸಾರ್. ನಾವು ಆ ಧೂಳು ಬೀಳದಂಗೆ ಅನ್ನದ ತಟ್ಟೆ ಮೇಲೆ ತಟ್ಟೆ ಮುಚ್ಚಿ ಬೆಳೆದೋರು."

ಅವರ ಮೇಲೆ ಸಿಟ್ಟು ಬಂದಾಗಲೆಲ್ಲ ನಾನು ಲವೆಲ್‌ನನ್ನು ನೆನೆದು ಸಮಾಧಾನಪಡುತ್ತೇನೆ. ಮೈಕೆಲ್ ಫಿಟ್ಜ್‌ಜೆರಾಲ್ಡ್ ಲವೆಲ್ ಎಂಬ ಐರಿಷ್ ಸೈನಿಕ ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರು ದಂಡಿನಲ್ಲಿ ನೆಲೆಸಿದ್ದವನು, ಎತ್ತಿನ ಗಾಡಿ ಕಟ್ಟಿಸಿಕೊಂಡು ಕೋಲಾರದ ಕಡೆ ಬಂದು ನೆಲ ಕೆದಕಿ ನೋಡಿದ. 1875ರಲ್ಲಿ ಮೈಸೂರು ಸರ್ಕಾರದಿಂದ ಇಪ್ಪತ್ತು ವರ್ಷದ ಗಣಿ ಗುತ್ತಿಗೆ ಪಡೆದ. ಆಳಕ್ಕೆ ಅಗೆಯಲು ಬೇಕಾದ ಹಣ ಮಾತ್ರ ಕೈಯಲ್ಲಿರಲಿಲ್ಲ. ಎರಡು ವರ್ಷದಲ್ಲಿ ಹಕ್ಕನ್ನು ಬೇರೆಯವರಿಗೆ ದಾಟಿಸಿದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದು ಕೂತಿತು, ಲವೆಲ್‌ಗೆ ಬೆಂಗಳೂರಿನಲ್ಲಿ ಒಂದು ರಸ್ತೆಯ ಹೆಸರು ಸಿಕ್ಕಿತು. ಮೊದಲು ಬಂದು ಟವೆಲು ಹಾಸಿ, ಯಾರೋ ಬಂದು ಕೂತ ಮೇಲೆ ಎದ್ದು ಹೋದವನು ಅವನು. ಕೆಜಿಎಫ್ ಶುರುವಾಗಿದ್ದೇ ಸೀಟು ಹಿಡಿಯುವುದರಿಂದ.

ಟವೆಲಣ್ಣನಿಗೂ ಲವೆಲ್‌ಗೂ ಇನ್ನೊಂದು ಹೋಲಿಕೆಯುಂಟು. ಇದನ್ನು ನಾನು ಬಹಳ ತಡವಾಗಿ ಗಮನಿಸಿದೆ. ಇಷ್ಟು ಸೀಟು ಹಿಡಿಯುವ ಈ ಮನುಷ್ಯ ಕೂರುವುದೇ ಇಲ್ಲ. ಊರಿಗಾಂನಲ್ಲಿ ಹತ್ತುವ ನರ್ಸಮ್ಮನಿಗೊಂದು, ಬೆಮೆಲ್ ನಗರದ ಕಾಲು ನೋವಿನ ಮೇಷ್ಟ್ರಿಗೊಂದು, ಬಂಗಾರಪೇಟೆಯ ಇಬ್ಬರು ಗಾರ್ಮೆಂಟ್ಸ್ ಹುಡುಗಿಯರಿಗೆ ಎರಡು, ಬಾಳೆಹಣ್ಣಿನ ಮಾಲೂರಿನವನಿಗೊಂದು. ಎಲ್ಲರನ್ನೂ ಕೂರಿಸಿ ಬಾಗಿಲ ಕಂಬಿ ಹಿಡಿದು ವೈಟ್‌ಫೀಲ್ಡ್‌ವರೆಗೆ ನಿಂತೇ ಹೋಗುತ್ತಾರೆ. ಯಾಕಣ್ಣಾ ಎಂದು ಕೇಳಿದ್ದಕ್ಕೆ ಮೊದಲು ಸೊಂಟ ನೋವು ಎಂದರು. ಇನ್ನೊಮ್ಮೆ ಕೇಳಿದಾಗ ಅಪ್ಪನ ಮಾತು ತೆಗೆದರು. ಅಪ್ಪ ಚಾಂಪಿಯನ್ ರೀಫ್‌ನಲ್ಲಿ ಕೆಲಸಕ್ಕಿದ್ದವರು. ಮೂರು ಕಿಲೋಮೀಟರಿಗೂ ಮಿಕ್ಕಿದ ಆಳದ ಗಣಿ ಅದು. "ಕೇಜ್‌ನಾಗೆ ಸೀಟೆಲ್ಲಿ ಸಾರ್? ಒಬ್ಬರಿಗೊಬ್ಬರು ಅಂಟ್ಕೊಂಡು ನಿಂತೇ ಇಳಿಯೋರು, ನಿಂತೇ ಹತ್ತೋರು. ನಾನು ಸೀಟ್‌ನಾಗೆ ಕೂತ್ರೆ ನಿದ್ದೆ ಬತ್ತದೆ. ನಿದ್ದೆ ಬಂದ್ರೆ ವೈಟ್‌ಫೀಲ್ಡ್ ಹೋತದೆ."

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಶಿಫ್ಟಿನ ಸೈರನ್ನಿಗೆ ಏಳುತ್ತಿದ್ದ ಊರು ಅಂದಿನಿಂದ ರೈಲಿನ ಹೊತ್ತಿಗೆ ಏಳಲು ಕಲಿಯಿತು. ಗಣಿಯವರ ಮಕ್ಕಳು ಬೆಂಗಳೂರಿನ ಕಾರ್ಖಾನೆ, ಅಂಗಡಿ, ಆಸ್ಪತ್ರೆ, ಸೆಕ್ಯುರಿಟಿ ಕೆಲಸಗಳಿಗೆ ಸಾವಿರಗಟ್ಟಲೆ ಹೊರಟರು. ಅಜ್ಜಂದಿರ ಕಾಲದಿಂದ ಇದ್ದ ಮನೆ ಕಂಪನಿಯ ಕ್ವಾರ್ಟರ್ಸು, ನಡೆದ ರಸ್ತೆ ಕಂಪನಿಯದು, ಹುಟ್ಟಿದ್ದು ಕಂಪನಿ ಆಸ್ಪತ್ರೆಯಲ್ಲಿ. ಮೂರು ತಲೆಮಾರು ಇದ್ದರೂ ನೆಲದ ಮೇಲೆ ಇದು ನನ್ನದು ಎಂದು ಟವೆಲು ಹಾಸಲು ಒಂದು ಗೇಣು ಜಾಗವಿರಲಿಲ್ಲ ಇಲ್ಲಿ ಬಹಳ ಜನಕ್ಕೆ. ಹಾಗಿರುವಾಗ ದಿನಕ್ಕೆ ಎರಡು ಗಂಟೆಯ ಮಟ್ಟಿಗೆ ಐದು ಸೀಟಿನ ಜಮೀನ್ದಾರಿಕೆ ಮಾಡಿದರೆ ನನ್ನ ಗಂಟೇನು ಹೋಗುತ್ತದೆ? ಮಾಲೂರು ಬರುವವರೆಗೆ ಹೀಗೆ ಉದಾರವಾಗಿ ಯೋಚಿಸುತ್ತೇನೆ. ಮಾಲೂರು ದಾಟಿದ ಮೇಲೆ ಮೊಣಕಾಲು ನೋಯತೊಡಗುತ್ತದೆ, ಆಗ ನನ್ನ ಅಭಿಪ್ರಾಯ ಬದಲಾಗುತ್ತದೆ.

ಈಚೆಗೆ ನನ್ನನ್ನೂ ಅವರು ಪಟ್ಟಿಗೆ ಸೇರಿಸಿಕೊಳ್ಳುವ ಲಕ್ಷಣ ಕಾಣುತ್ತಿದೆ. ಹೋದ ವಾರ ಸಂಜೆ ರೈಲಿಳಿದು ಬಂಗಾರಪೇಟೆಯ ಪಾನಿಪುರಿ ಅಂಗಡಿಯ ಮುಂದೆ ಬಂದೆ. ಅಲ್ಲಿನ ಪಾನಿ ನೀರಿನಷ್ಟೇ ತಿಳಿ, ಬಾಯಿಗಿಟ್ಟಾಗಲೇ ಅದರ ಖಾರ ಗೊತ್ತಾಗುವುದು. ಅದಕ್ಕೆಂದೇ ಬೆಂಗಳೂರಿನಿಂದ ಕಾರಿನಲ್ಲಿ ಬರುತ್ತಾರೆ. ಅವತ್ತೂ ನಾಲ್ಕು ಸಾಲು ಜನ. ಟವೆಲಣ್ಣ ಹೇಗೋ ಮುಂದಿದ್ದರು. ಕೋರಮಂಡಲ್‌ಗೆ ಹೋಗಬೇಕಾದವರು ಇಲ್ಲಿ ಯಾಕೆ ಇಳಿದರೋ. ನನ್ನನ್ನು ಕಂಡದ್ದೇ ಒಂದು ತಟ್ಟೆಯನ್ನು ತಲೆಗಳ ಮೇಲೆ ಎತ್ತಿ ಹಿಡಿದು ಅಂಗಡಿಯವನಿಗೆ ಕೂಗಿದರು, "ಇದಕ್ಕೆ ಹಾಕಪ್ಪಾ, ಆಳಿದ್ದಾರೆ!"

ಜನ ಗೊಣಗುತ್ತಲೇ ದಾರಿ ಬಿಟ್ಟರು. ಕೊರಳಿಗೆ ಕಂಪನಿಯ ಕಾರ್ಡು ನೇತುಹಾಕಿಕೊಂಡಿದ್ದ ಒಬ್ಬ ಹುಡುಗ ನನ್ನ ಭುಜ ತಟ್ಟಿ, "ಅಂಕಲ್, ನಾವು ಅರ್ಧ ಗಂಟೆಯಿಂದ ನಿಂತಿದೀವಿ, ಇದು ನ್ಯಾಯಾನಾ?" ಎಂದ. ಬಾಯಿ ತುಂಬ ಪೂರಿ ಇದ್ದುದರಿಂದ ಉತ್ತರ ಕೊಡಲಾಗಲಿಲ್ಲ.