ಶಲ್ಕಕೀಟ ಪೀಠಮೀಮಾಂಸೆ

ಇನ್ನು ಶಲ್ಕಕೀಟದ, ಎಂದರೆ ಚಿಪ್ಪುಹುಳುವಿನ, ಜಿಜ್ಞಾಸೆ. ಪ್ರಸ್ತುತ ಸಂಶೋಧನೆಯ ಕ್ಷೇತ್ರಕಾರ್ಯ ನಡೆದದ್ದು ಲೇಖಕನ ಬಾಲ್ಕನಿಯ ಒಂದೇ ಒಂದು ದಾಸವಾಳದ ಕುಂಡದಲ್ಲಿ. ಆದಕಾರಣ ನಿಷ್ಕರ್ಷೆಗಳು ಸಾರ್ವತ್ರಿಕ.

ಪೂರ್ವಪಕ್ಷ: ಕಾಂಡದ ಮೇಲಿನ ಕಂದು ಗಂಟು ಗಿಡದ ತೊಗಟೆಯೇ ಎಂಬುದು ಮನೆಯವರ ವಾದ. ಸಿದ್ಧಾಂತ: ಉಗುರಿನಿಂದ ಮೀಟಿದರೆ ಅದು ಇಡಿಯಾಗಿ ಏಳುತ್ತದೆ, ಒತ್ತಿದರೆ ರಸ ಬರುತ್ತದೆ. ಆದ್ದರಿಂದ ಪ್ರಾಣಿಯೇ. ಉಗುರು ತೊಳೆಯುವ ವಿಧಿ ಪರಿಶಿಷ್ಟಕ್ಕೆ ಬಿಟ್ಟದ್ದು.

ಲಕ್ಷಣ: ಮರಿಗೆ ಆರು ಕಾಲು, ಅಲೆಮಾರಿ ಬುದ್ಧಿ. ಒಳ್ಳೆಯ ಜಾಗ ನೋಡಿ ಸೂಜಿಬಾಯಿ ಊರಿತೋ, ಗಟ್ಟಿಚಿಪ್ಪಿನ ಜಾತಿಯ ಹೆಣ್ಣು ಕಾಲನ್ನೇ ಕಳೆದುಕೊಳ್ಳುತ್ತದೆ. ಪೀಠ ಸಿಕ್ಕವರಿಗೆ ಕಾಲೇಕೆ? ಕಳಚಿದ ಪೊರೆಗಳನ್ನೇ ಮೇಣದಲ್ಲಿ ಮೆತ್ತಿ ತಲೆಯ ಮೇಲೆ ಸೂರು ಮಾಡಿಕೊಳ್ಳುತ್ತದೆ. ಸನ್ಮಾನಪತ್ರಗಳಿಗೆ ಫ್ರೇಮು ಹಾಕಿಸಿ ಗೋಡೆ ತುಂಬಿಸುವ ಸಂಪ್ರದಾಯದ ಮೂಲ ಇಲ್ಲಿರಬೇಕು. ಗಂಡಿಗೆ ರೆಕ್ಕೆಯುಂಟು, ಬಾಯಿಲ್ಲ; ಒಂದೆರಡು ದಿನದ ಬಾಳು. ಇದಕ್ಕೆ ಭಾಷ್ಯ ಬರೆಯಲು ಮನೆಯಲ್ಲಿ ಅನುಮತಿ ದೊರೆಯಲಿಲ್ಲ.

ಶಿಷ್ಯಪ್ರಕರಣ: ಮೆದುಚಿಪ್ಪಿನ ಜಾತಿಗಳು ಹೀರಿ ಮಿಕ್ಕಿದ್ದನ್ನು ಸಿಹಿ ಅಂಟಾಗಿ ಹೊರಹಾಕುತ್ತವೆ. ಆ ಪ್ರಸಾದಕ್ಕೆ ಸಾಲುಗಟ್ಟಿದ ಇರುವೆಗಳು ವಿಮರ್ಶಕರನ್ನು ಕಚ್ಚಿ ಓಡಿಸುತ್ತವೆ. ಎಲೆಯ ಮೇಲೆ ಉಳಿದದ್ದಕ್ಕೆ ಕಪ್ಪು ಬೂಷ್ಟು ಹಿಡಿಯುತ್ತದೆ.

ವಂಶಾವಳಿ: ಅರಗಿನ ಹುಳು ಇದೇ ಬಳಗದ್ದು. ಅದಿಲ್ಲದಿದ್ದರೆ ಪಾಂಡವರಿಗೆ ಸುರಂಗ ಬೇಕಿರಲಿಲ್ಲ, ಚನ್ನಪಟ್ಟಣದ ಗೊಂಬೆಗೆ ಹೊಳಪಿರುತ್ತಿರಲಿಲ್ಲ. ಇನ್ನೊಬ್ಬ ದಾಯಾದಿ ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳಲ್ಲಿ ಬೇರುಬಿಟ್ಟಾಗ, 1888ರಲ್ಲಿ ಕೀಟತಜ್ಞ ಆಲ್ಬರ್ಟ್ ಕೋಬೆಲೆ ಆಸ್ಟ್ರೇಲಿಯಕ್ಕೆ ಹೋಗಿ ಅದನ್ನು ತಿನ್ನುವ ಗುಲಗಂಜಿ ಹುಳುಗಳನ್ನು ಕಳಿಸಿಕೊಟ್ಟ. ಪೀಠ ತೆರವಾಯಿತು.

ಪ್ರಯೋಗ: ಹುಳು ಮುತ್ತಿದ ಕೊಂಬೆ ಕತ್ತರಿಸಿ ಮನೆಯಿಂದಾಚೆ ಹಾಕುವುದು. ಉಳಿದದ್ದನ್ನು ಹಳೆಯ ಹಲ್ಲುಜ್ಜುವ ಬ್ರಷ್ಷು, ಸೋಪಿನ ನೀರಿನಿಂದ ಉಜ್ಜುವುದು. ಇರುವೆಯ ದಾರಿ ಕಟ್ಟುವುದು. ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಚೂರು ಸೋಪು ಕದಡಿ, ಸಂಜೆ ಹೊತ್ತು ಎಲೆಯಡಿಗೂ ತಾಗುವಂತೆ ಸಿಂಪಡಿಸುವುದು. ಈ ಸಿಂಪಡಣೆ ಮರಿ ಓಡಾಡುವಾಗ ಮಾತ್ರ ಸಾರ್ಥಕ. ಕೊಂಬೆಗೆ ಎರಡೂ ಬದಿ ಅಂಟುವ ಟೇಪು ಸುತ್ತಿದರೆ ಓಡಾಟ ಗೊತ್ತಾಗುತ್ತದೆ. ಚಿಪ್ಪು ಬಲಿತ ಮೇಲೆ ಸಿಂಪಡಿಸಿದ್ದು ಬರೀ ಅಭಿಷೇಕ.

ಫಲಶ್ರುತಿ: ಹುಳು ಸತ್ತರೂ ಚಿಪ್ಪು ಬೀಳುವುದಿಲ್ಲ. ವಾರಕ್ಕೊಮ್ಮೆ ಉಗುರಿನಿಂದ ಕೆರೆಯಬೇಕು. ರಸ ಬಂದರೆ ಇದ್ದಾರೆ, ಪುಡಿಯಾದರೆ ತೀರಿಕೊಂಡು ಬಹಳ ದಿನವಾಗಿದೆ. ಕೆರೆಯದೆ ದೂರದಿಂದ ನೋಡಿ ಕೈಮುಗಿಯುವವರಿಗೆ ಎರಡೂ ಒಂದೇ.