ಮೀನು ಸತ್ತದ್ದು ಬಿಸಿಲಿಗೆ

ನಮ್ಮ ಕಡೆ ಹೊಳೆಯಲ್ಲಿ ಮೀನು ಸತ್ತರೆ ಕಾರಣ ಒಂದೇ, ಬಿಸಿಲು. ಬಂಟ್ವಾಳದಲ್ಲಿ ನೇತ್ರಾವತಿಗೆ ಬಿಸಿಲು, ಮೂಡುಬಿದಿರೆ ಕಡೆ ಫಲ್ಗುಣಿಗೂ ಬಿಸಿಲು. ಬೆಳ್ತಂಗಡಿ ಕಡೆಯ ಬಿಸಿಲಂತೂ ರಾತ್ರಿ ಹನ್ನೊಂದರ ಮೇಲೆ ಬ್ಲೀಚಿಂಗ್ ಪೌಡರಿನ ಚೀಲ ಇಟ್ಟುಕೊಂಡು ಬೈಕಿನಲ್ಲಿ ಬರುತ್ತದೆ.

ಮೀನು ತೇಲಿದ ಮೂರನೇ ದಿನಕ್ಕೆ ಸಾಹೇಬರ ಪರಿಶೀಲನೆ. ಬಾಟಲಿಯಲ್ಲಿ ನೀರು ತುಂಬುತ್ತಾರೆ, ಫೋಟೊ ತೆಗೆಯುತ್ತಾರೆ. ಮೀನು ಕೊಂದ ನೀರು ಅಷ್ಟರಲ್ಲಿ ತುಂಬೆ ಅಣೆಕಟ್ಟಿಗೆ ಇಳಿದು ಮಂಗಳೂರಿನವರ ನಲ್ಲಿಗೆ ಸರತಿ ನಿಂತಿರುತ್ತದೆ. ಬಾಟಲಿಯ ನೀರು ನಿರಪರಾಧಿ ಎಂದು ವರದಿ ಬರುತ್ತದೆ. ಸುಳ್ಳಲ್ಲ, ಅದು ಆಮೇಲೆ ಬಂದ ನೀರು.

"ಒಂದು ಕಲ್ಲು ಮಗುಚಿ ನೋಡಿ ಸ್ವಾಮಿ" ಎಂದರು ದಡದಲ್ಲಿದ್ದ ಅಜ್ಜ. ಸಾಹೇಬರ ಶೂ ಒದ್ದೆಯಾಗುತ್ತಿತ್ತು, ಮಗುಚಲಿಲ್ಲ. ಆ ಕಲ್ಲಿನಡಿ ಬಾಲಕ್ಕೆ ಮೂರು ಎಳೆಯಿರುವ ಚಪ್ಪಟೆ ಹುಳ, ಮರಳಿನ ಕಣ ಅಂಟಿಸಿ ಗೂಡು ಕಟ್ಟಿಕೊಂಡ ಹುಳ ತಿಂಗಳುಗಟ್ಟಲೆ ಬಿಡಾರ ಹೂಡಿರುತ್ತವೆ, ಹರಿದುಹೋದ ನೀರಿಗೂ ಅವೇ ಸಾಕ್ಷಿ. ಮೀನು ಬದುಕಿದ್ದು ಹುಳ ಮಾತ್ರ ಮಾಯವಾಗಿದ್ದರೆ ತೋಟದ ಕೀಟನಾಶಕದ ಮೇಲೆ ಮೊದಲ ಅನುಮಾನ. ನಸುಕಿನಲ್ಲಿ ದೊಡ್ಡ ಮೀನುಗಳು ಬಾಯಿ ಮೇಲೆ ಮಾಡಿ ಏದುಸಿರು ಬಿಡುತ್ತಿದ್ದರೆ ನೀರಿನಲ್ಲಿ ಆಮ್ಲಜನಕ ಸಾಲದು, ಸೇತುವೆ ಮೇಲಿಂದ ಬಿದ್ದ ಕೋಳಿತ್ಯಾಜ್ಯದ ಚೀಲಗಳನ್ನು ಎಣಿಸಬೇಕು. ಮರಿಯಿಂದ ಹಿರಿಯದರವರೆಗೆ, ಹುಳವೂ ಸೇರಿ, ಒಟ್ಟಿಗೆ ಸತ್ತರೆ ವಿಷ. ಆದರೆ ಹುಳದ ಸಾಕ್ಷಿಗೆ ಸೀಲು ಇಲ್ಲವಲ್ಲ.

ಅಡಿಕೆ ಬೆಳೆಗಾರರಾದ ನಾವೋ, ಪರಮ ಸಾಧುಗಳು. ಕೊಳೆರೋಗಕ್ಕೆ ಮದ್ದು ಬಿಡುತ್ತೇವೆ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಕೊನೆಗೆ ತಳದಲ್ಲಿ ಉಳಿದ ನೀಲಿ ಗಸಿಯ ಸಮೇತ ಡ್ರಮ್ಮನ್ನು ತೋಡಿನಲ್ಲಿ ಅದ್ದಿ, ತೆಂಗಿನ ನಾರಿನಿಂದ ಚೊಕ್ಕ ಉಜ್ಜುತ್ತೇವೆ. ತಾಮ್ರ ಅಡಿಕೆಯ ಕೊಳೆರೋಗಾಣುವಿಗೆ ಮಾಡಿದ್ದನ್ನೇ ಮೀನಿನ ಕಿವಿರಿಗೂ ಮಾಡುತ್ತದೆ. ನನ್ನ ಡ್ರಮ್ಮೂ ಅಲ್ಲೇ ತೊಳೆಯುವುದು, ಹಾಗಾಗಿ ನಾನೂ ಬಿಸಿಲಿನ ಪಕ್ಷ.

ಹಾಗೆಂದು ನಮಗೆ ಮೀನಿನ ಮೇಲೆ ಭಕ್ತಿ ಇಲ್ಲವೆನ್ನಬೇಡಿ. ಶಿಶಿಲದ ಶಿಶಿಲೇಶ್ವರ ದೇವಸ್ಥಾನದ ಬಳಿ ಕಪಿಲಾ ಹೊಳೆಗಿಳಿದು ದೇವರ ಮೀನಿಗೆ ಅಕ್ಕಿ ಹಾಕಿ ಕೈಮುಗಿಯುತ್ತೇವೆ. ಮನೆಗೆ ಬಂದು ತೋಡಿಗೆ ತೋಟೆ ಹಾಕುತ್ತೇವೆ. ದೇವಸ್ಥಾನದ ಗುಂಡಿಯ ಗಡಿ ನೀರಿಗೆ ಗೊತ್ತಿಲ್ಲ ಎಂಬುದು ನೀರಿನ ತಪ್ಪು.

1996ರಲ್ಲಿ ಅದೇ ಶಿಶಿಲದ ಹೊಳೆಗೆ ಕಿಡಿಗೇಡಿಗಳು ವಿಷ ಹಾಕಿದರು, ಸಾವಿರಾರು ದೇವರ ಮೀನು ಸತ್ತವು. ಅವನ್ನು ಕಾಯಲು ಶಿಶಿಲೇಶ್ವರನಾದರೂ ಇದ್ದ. ನಮ್ಮ ತೋಡಿನ ಮುಗುಡು ಮೀನಿಗೆ ಇರುವುದು ನಾವು.